ಕರೆದರೆ ‘ಓ’ ಎನ್ನಲು ಒಬ್ಬರು ಬೇಕು

ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ನಿಮ್ಮನ್ನು ಕರೆಯುತ್ತಾರೆ, ಎಂದಾದರೂ ಎಣಿಸಿದ್ದೀರಾ? ನಾನು ಒಂದು ದಿನ ಎಣಿಸಿದೆ. ಬೆಳಗಿನ ಕಾಫಿಯಿಂದ ತಿಂಡಿ ಮುಗಿಯುವ ಹೊತ್ತಿಗೇ ಇಪ್ಪತ್ತಮೂರು! ಆಮೇಲೆ ಎಣಿಸುವುದನ್ನು ಬಿಟ್ಟೆ. ಅದರಲ್ಲಿ ನನ್ನ ಹೆಸರು ಹಿಡಿದು ಕರೆದದ್ದು ಒಂದು ಸಲವೂ ಇಲ್ಲ. ಮಗನಿಗೆ ನಾನು ‘ಅಮ್ಮಾ’, ನಮ್ಮವರಿಗೆ ‘ಇವಳೇ’, ಹಾಲಿನವನಿಗೆ ‘ಅಕ್ಕಾ’. ಕರೆ ಯಾವುದಾದರೇನು, ಕೈಯಲ್ಲಿ ರೊಟ್ಟಿ ಹಿಟ್ಟು ಮೆತ್ತಿಕೊಂಡಿದ್ದರೂ ನಾವು ‘ಓ’ ಎಂದು ಎದ್ದು ಹೋಗುತ್ತೇವೆ, ಅಲ್ಲವೇ?

ಇಷ್ಟು ಕರೆಯುವ ನಮ್ಮ ಮನೆಯಲ್ಲಿ ಒಬ್ಬರು ಮಾತ್ರ ಕರೆಯುವುದನ್ನು ನಿಲ್ಲಿಸಿಬಿಟ್ಟಿದ್ದರು. ನಮ್ಮ ಅತ್ತೆ. ಅವರ ಕಥೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ಒಂದು ಮೊಬೈಲ್ ಫೋನಿನ ಕಥೆಯೂ ಇದೆ. ಯಂತ್ರದ ವಿಷಯ ನಮಗೇಕೆ ಎಂದು ಪುಟ ತಿರುಗಿಸಬೇಡಿ. ಅಡಿಗೆಮನೆಯಲ್ಲಿ ನಿಂತ ನನಗೇ ಅರ್ಥವಾದ ಮೇಲೆ ನಿಮಗೆ ಆಗದೇ?

ಅತ್ತೆಗೆ ಎಪ್ಪತ್ತೊಂಬತ್ತು ವರ್ಷ. ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ. ಇದು ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚುವುದರಿಂದ ಬರುತ್ತದೆ. ಬಹಳ ಜನರಿಗೆ ನೋವಿಲ್ಲ, ಉರಿಯಿಲ್ಲ, ಮೊದಲು ಪಕ್ಕದ ನೋಟ ಹೋಗುವುದರಿಂದ ಗೊತ್ತೂ ಆಗುವುದಿಲ್ಲ. ಅತ್ತೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗೆಲ್ಲ ‘ವಯಸ್ಸಾಯ್ತು’ ಎಂದು ನಾವು ನಕ್ಕಿದ್ದೆವು. ಆ ನಗು ಈಗ ಚುಚ್ಚುತ್ತದೆ. ಹೋದ ನೋಟ ಮರಳುವುದಿಲ್ಲ. ಉಳಿದ ಚೂರು ಬೆಳಕನ್ನು ಕಾಪಾಡಲು ಬೆಳಿಗ್ಗೆ, ರಾತ್ರಿ ಡ್ರಾಪ್ಸ್ ಹಾಕಬೇಕು.

ನಮ್ಮದು ಸಾಗರ. ಇಲ್ಲಿನ ಆಷಾಢದ ಮಳೆ ನಿಮಗೆ ಗೊತ್ತಿರಬಹುದು. ಹೋದ ವರ್ಷ ಅಂಥದ್ದೇ ಒಂದು ರಾತ್ರಿ ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ಕೇಳಿ ಎಚ್ಚರವಾಯಿತು. ಗಡಿಯಾರ ನೋಡಿದರೆ ಒಂದೂ ಕಾಲು! ಓಡಿ ಹೋದೆ. ಅತ್ತೆ ಹಂಡೆಯಲ್ಲಿ ಉಳಿದಿದ್ದ ತಣ್ಣನೆಯ ನೀರನ್ನು ಮೈಮೇಲೆ ಸುರಿದುಕೊಂಡು ನಡುಗುತ್ತ ನಿಂತಿದ್ದಾರೆ.

“ಇದೆಂಥದ್ದು ಅತ್ತೆ, ಈ ಹೊತ್ತಿನಲ್ಲಿ?”

“ಬೆಳಗಾಯ್ತು ಅಂದ್ಕೊಂಡೆ ಕಣೇ. ಎಷ್ಟೊತ್ತಿಂದ ಎಚ್ಚರವಾಗೇ ಇದ್ದೆ. ಸೂರ್ಯ ಹುಟ್ಟಿದ್ದು ನನಗೆ ಹೇಗೆ ಗೊತ್ತಾಗಬೇಕು?”

“ಒಂದು ಮಾತು ಕರೆದು ಕೇಳಬಾರದಿತ್ತಾ?”

“ಹೊತ್ತೆಷ್ಟು ಅಂತ ಕೇಳೋಕೆ ನಿನ್ನ ಎಬ್ಬಿಸಲಾ? ನಿನ್ನೆಯೂ ಎಬ್ಬಿಸಿದ್ದೆ, ಮೊನ್ನೆಯೂ ಎಬ್ಬಿಸಿದ್ದೆ...”

ಅವರು ಹೇಳಿದ್ದು ನಿಜ. ಮೊನ್ನೆ ಕರೆದಾಗ ನಾನು ‘ಹನ್ನೆರಡೂವರೆ, ಮಲಕ್ಕೊಳ್ಳಿ’ ಎಂದ ದನಿ ನನಗೇ ನೆನಪಾಯಿತು. ಬೈಗುಳವಲ್ಲ, ಆದರೆ ಸಿಹಿಯೂ ಅಲ್ಲ. ಕಣ್ಣಿಲ್ಲದವರಿಗೆ ಕಿವಿ ಚುರುಕು, ಅವರಿಗೆ ಅದು ಕೇಳಿಸಿರುತ್ತದೆ. ಅತ್ತೆಗೆ ನಾಲ್ಕು ದಿನ ಜ್ವರ ಬಂತು. ಜ್ವರದಲ್ಲೂ ಅವರು ಯಾರನ್ನೂ ಕರೆಯಲಿಲ್ಲ.

ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಅಜ್ಜಿಗಾಗಿ ಅವಳೇ ಒಂದು ಆ್ಯಪ್ ಮಾಡಿ ಹಳೆಯ ಫೋನಿನಲ್ಲಿ ಹಾಕಿಟ್ಟಿದ್ದಳು. ಡ್ರಾಪ್ಸ್ ಹಾಕುವ ಹೊತ್ತಿಗೆ ಗಂಟೆ ಹೊಡೆಯುತ್ತದೆ, ಹಾಕಿದ ಮೇಲೆ ಗುಂಡಿ ಒತ್ತಬೇಕು. ಸುದ್ದಿ ಕೇಳಿ ಅವಳು ಊರಿಗೆ ಬಂದಳು. ಬಂದವಳೇ ತಲೆ ಚಚ್ಚಿಕೊಂಡಳು. “ಕಣ್ಣು ಕಾಣದ ಅಜ್ಜಿಗೆ ಗುಂಡಿ ಒತ್ತುವ ಆ್ಯಪ್ ಮಾಡಿದ್ದೀನಲ್ಲಮ್ಮಾ! ಇದಕ್ಕೆ ಕಿವಿ, ಬಾಯಿ ಕೊಡಬೇಕು.”

ಫೋನಿನಲ್ಲೇ ಬಂದಿರುವ ಸಹಾಯಕಿ ಒಬ್ಬಳು ಇದ್ದಾಳೆ, ಅವಳನ್ನು ಕರೆದರಾಯಿತಲ್ಲ ಎಂದು ನಮ್ಮವರು ಹೇಳಿದರು. ಅದನ್ನೂ ನೋಡಿದೆವು. ಆ ಇಂಗ್ಲಿಷ್ ಹೆಸರು ಅತ್ತೆಯ ಬಾಯಲ್ಲಿ ಹೊರಳಲಿಲ್ಲ. ಹೊರಳಿದ ದಿನ ಮಳೆಗೆ ನೆಟ್‌ವರ್ಕ್ ಇರಲಿಲ್ಲ. ಇಂಟರ್ನೆಟ್ ಇಲ್ಲದೆ ಕೆಲಸ ಮಾಡುವುದು, ಅತ್ತೆಯ ಮಾತನ್ನೇ ತಿಳಿಯುವುದು ನಮಗೆ ಬೇಕಿತ್ತು.

ಇಂಥ ಯಂತ್ರಗಳು ಹೇಗೆ ಕೇಳಿಸಿಕೊಳ್ಳುತ್ತವೆ ಎಂದು ಮಗಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಫೋನಿನೊಳಗೆ ಇಬ್ಬರು ಇದ್ದಾರೆಂದುಕೊಳ್ಳಿ. ಒಬ್ಬ ಬಾಗಿಲಲ್ಲಿ ಕೂತ ಕಾವಲುಗಾರ. ಅವನಿಗೆ ಒಂದೇ ಒಂದು ಶಬ್ದ ಗೊತ್ತು. ಹಗಲೂ ರಾತ್ರಿ ಕಿವಿ ತೆರೆದಿರುತ್ತಾನೆ, ಆದರೆ ಆ ಶಬ್ದವಲ್ಲದ ಯಾವುದೂ ಅವನ ತಲೆಯಲ್ಲಿ ನಿಲ್ಲುವುದಿಲ್ಲ. ಒಂದೆರಡು ಕ್ಷಣದ ಸದ್ದನ್ನು ಹಿಡಿಯುತ್ತಾನೆ, ನೋಡುತ್ತಾನೆ, ಎಸೆಯುತ್ತಾನೆ. ಇನ್ನೊಬ್ಬ ಒಳಗೆ ಮಲಗಿರುವ ಪಂಡಿತ. ಮಾತಿನ ಅರ್ಥ ಬಿಡಿಸುವವನು ಅವನು. ಕಾವಲುಗಾರ ಆ ಒಂದು ಶಬ್ದ ಕೇಳಿದಾಗ ಮಾತ್ರ ಅವನನ್ನು ಎಬ್ಬಿಸುತ್ತಾನೆ. ಪಂಡಿತನನ್ನು ಸದಾ ಎಚ್ಚರವಾಗಿಟ್ಟರೆ ಬ್ಯಾಟರಿ ಬೇಗ ಮುಗಿದುಹೋಗುತ್ತದೆ. ಈ ಎಬ್ಬಿಸುವ ಶಬ್ದಕ್ಕೆ ‘ವೇಕ್ ವರ್ಡ್’ ಎನ್ನುತ್ತಾರಂತೆ. ನಾವು ಮನೆಯಲ್ಲಿ ‘ಕೂಗುವ ಹೆಸರು’ ಎಂದೆವು.

ಇದು ತೀರ ಹೊಸದೇನಲ್ಲ. ಸುಮಾರು ನೂರು ವರ್ಷದ ಹಿಂದೆ, 1920ರ ದಶಕದಲ್ಲಿ, ಅಮೆರಿಕದಲ್ಲಿ ‘ರೇಡಿಯೋ ರೆಕ್ಸ್’ ಎಂಬ ಆಟದ ನಾಯಿ ಮಾರಾಟಕ್ಕಿತ್ತು. ‘ರೆಕ್ಸ್’ ಎಂದು ಕೂಗಿದರೆ ಗೂಡಿನಿಂದ ಛಂಗನೆ ಹೊರಗೆ ಹಾರುತ್ತಿತ್ತು. ಆ ಶಬ್ದದ ‘ಎ’ ಸ್ವರದ ಕಂಪನಕ್ಕೆ ಒಳಗಿನ ವಿದ್ಯುತ್ತು ಕಡಿದು, ನಾಯಿಯನ್ನು ಹಿಡಿದಿದ್ದ ಅಯಸ್ಕಾಂತ ಕೈಬಿಡುತ್ತಿತ್ತು, ಸ್ಪ್ರಿಂಗು ದಬ್ಬುತ್ತಿತ್ತು. ಅಷ್ಟೇ! ಈಗಿನ ಕಾವಲುಗಾರ ಅದರ ಬಹಳ ಕಲಿತ ಮೊಮ್ಮಗ.

ಸರಿ, ಏನೆಂದು ಕೂಗುವುದು? ಇಲ್ಲಿಂದ ಶುರುವಾಯಿತು ನೋಡಿ ಮನೆಯಲ್ಲಿ ಗಲಾಟೆ.

ನಾನು, “‘ರೀ’ ಅಂತ ಇಡು, ಅಜ್ಜಿಗೆ ಜೀವಮಾನವೆಲ್ಲ ರೂಢಿ” ಎಂದೆ. ಮಾವನವರನ್ನು ಅತ್ತೆ ಕರೆದದ್ದೆಲ್ಲ ಆ ಒಂದೇ ಅಕ್ಷರದಲ್ಲಿ. ಮಗಳು ನಕ್ಕಳು. “ಒಂದಕ್ಷರ ಸಾಲದಮ್ಮಾ. ‘ಬನ್ರೀ’, ‘ಹೌದ್ರೀ’, ‘ಏನ್ರೀ’ ಎಲ್ಲದರಲ್ಲೂ ‘ರೀ’ ಇದೆ. ನೀನು ಅಪ್ಪನ ಹತ್ತಿರ ಬಾಯಿ ತೆರೆದಾಗೆಲ್ಲ ಅದು ಎದ್ದು ಕೂರುತ್ತೆ.” ‘ಅಮ್ಮಾ’ ಬೇಡ, ನೋವಾದಾಗಲೂ ಬಾಯಿಗೆ ಬರುವುದು ಅದೇ. ‘ಕೃಷ್ಣಾ’ ಬೇಡ, ಅತ್ತೆ ಏಳುವಾಗ, ಕೂರುವಾಗ, ಆಕಳಿಸುವಾಗ ‘ಕೃಷ್ಣಾ’ ಎನ್ನುತ್ತಾರೆ. ‘ಗೌರಿ’ ಎಂದರೆ ಪಕ್ಕದ ಮನೆಯ ಹಸುವಿನ ಹೆಸರು, ದಿನಕ್ಕೆ ಹತ್ತು ಸಲ ಬೇಲಿಯಾಚೆಯಿಂದ ಕೇಳುತ್ತದೆ.

ಮಗಳ ಲೆಕ್ಕ ಹೀಗಿತ್ತು: ಮೂರು ನಾಲ್ಕು ಅಕ್ಷರವಾದರೂ ಇರಬೇಕು, ಒಂದಕ್ಕೊಂದು ಬೇರೆಯಾದ ಗಟ್ಟಿ ಧ್ವನಿಗಳಿರಬೇಕು, ಅಜ್ಜಿಯ ನಾಲಿಗೆಗೆ ಸುಲಭವಾಗಿರಬೇಕು, ಎಲ್ಲಕ್ಕಿಂತ ಮುಖ್ಯ, ಈ ಮನೆಯಲ್ಲಿ ಬೇರೆ ಯಾರೂ, ಯಾವ ಮಾತಿನಲ್ಲೂ ಆ ಶಬ್ದ ಆಡುತ್ತಿರಬಾರದು.

ಹೆಸರಿಡುವುದು ಹುಡುಗಾಟವಲ್ಲ. 2014ರಲ್ಲಿ ಅಮೆರಿಕದಲ್ಲಿ ಅಮೆಜಾನ್ ಕಂಪನಿ ಮಾತಾಡುವ ಡಬ್ಬಿ ತಂದು ‘ಅಲೆಕ್ಸಾ’ ಎಂದು ಕೂಗಿರಿ ಎಂದಿತು. ಅದು ಅಲ್ಲಿ ಹೆಣ್ಣುಮಕ್ಕಳ ಹೆಸರು. ಆಮೇಲಿನ ವರ್ಷಗಳಲ್ಲಿ ಮಕ್ಕಳಿಗೆ ಆ ಹೆಸರಿಡುವುದೇ ಬಹಳ ಕಡಿಮೆಯಾಯಿತು. ಇರುವ ಹುಡುಗಿಯರಿಗೆ ಶಾಲೆಯಲ್ಲಿ ‘ಅಲೆಕ್ಸಾ, ಅದು ಮಾಡು, ಇದು ಮಾಡು’ ಎಂದು ಗೇಲಿ. ಹೇಗಿದೆ ನೋಡಿ! ಕರೆದ ತಕ್ಷಣ ಓ ಎನ್ನುವವಳಿಗೆ ಹೆಣ್ಣಿನ ಹೆಸರೇ ಹೊಳೆದದ್ದು ಯಾಕೆ ಎಂದು ನಾನು ಒಲೆಯ ಮುಂದೆ ನಿಂತು ಯೋಚಿಸಿದ್ದುಂಟು.

ಎರಡು ದಿನ ಈ ಚರ್ಚೆ ನಡೆಯಿತು. ಮೂರನೆಯ ದಿನ ಜಗುಲಿಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆ ಮೆಲ್ಲಗೆ, “ಯಾರೂ ಕರೆಯದ ಹೆಸರು ಬೇಕು ಅಂದ್ಯಲ್ಲ ಪುಟ್ಟೀ. ನನ್ನದೊಂದು ಇದೆ” ಎಂದರು.

ನಮಗೆ ಯಾರಿಗೂ ಗೊತ್ತಿರಲಿಲ್ಲ. ಅತ್ತೆಯ ತವರಿನ ಹೆಸರು ಬೇರೆ! ಹದಿನೇಳು ವರ್ಷಕ್ಕೆ ಮದುವೆ. ಈ ಮನೆಯ ಹಿರಿಯರೊಬ್ಬರಿಗೂ ಅದೇ ಹೆಸರಿತ್ತಂತೆ. ಹಿರಿಯರ ಹೆಸರನ್ನು ಸೊಸೆಗೆ ಕೂಗುವುದುಂಟೇ? ಮದುವೆಯ ದಿನವೇ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದರು. “ಹಳೇ ಹೆಸರು ಆ ಅಕ್ಕಿಯಲ್ಲೇ ಉಳೀತು. ಮಾರನೇ ದಿನ ಅದನ್ನೇ ಅನ್ನ ಮಾಡಿದ್ವೋ ಏನೋ” ಎಂದು ಅತ್ತೆ ನಕ್ಕರು. ನಾನು ನಗಲಾರದೆ ಹೋದೆ. ಮೂವತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ್ದೇವೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ.

ಆ ಹೆಸರು ಯಾವುದೆಂದು ನಿಮಗೆ ಹೇಳಲಾರೆ. ಒಂದು ನದಿಯ ಹೆಸರು, ನಾಲ್ಕು ಅಕ್ಷರ, ಮಹಾಪ್ರಾಣದಿಂದ ಶುರು. ಅಷ್ಟು ಸಾಕು. ಮಗಳು ಕುಣಿದಾಡಿದಳು. “ಅಜ್ಜೀ, ಇದಕ್ಕಿಂತ ಒಳ್ಳೆಯದು ಸಿಗಲ್ಲ!”

ಆಮೇಲೆ ಕಾವಲುಗಾರನಿಗೆ ಪಾಠ. ಅತ್ತೆ ತಮ್ಮ ಹೆಸರನ್ನು ತಾವೇ ನೂರಾರು ಸಲ ಕೂಗಬೇಕಾಯಿತು. ಬೆಳಗಿನ ದನಿ ಬೇರೆ, ರಾತ್ರಿಯ ದನಿ ಬೇರೆ. ಹಲ್ಲಿನ ಸೆಟ್ ಹಾಕಿಕೊಂಡು, ತೆಗೆದಿಟ್ಟು, ಮಲಗಿಕೊಂಡು, ಗೋಡೆಯ ಕಡೆ ತಿರುಗಿ, ಕಂಬಳಿಯೊಳಗಿಂದ, ಬಚ್ಚಲಿನಿಂದ. ಮೊದಮೊದಲು ಅವರಿಗೆ ನಾಚಿಕೆ. ಕದ್ದು ಮಾತಾಡಿದ ಹಾಗೆ ಪಿಸುಗುಟ್ಟುತ್ತಿದ್ದರು. ಎರಡು ದಿನದಲ್ಲಿ ದನಿ ತೆರೆಯಿತು.

‘ಇದು’ ಎಂದು ಕಲಿಸಿದರೆ ಸಾಲದು, ‘ಇದಲ್ಲ’ ಎಂದೂ ಕಲಿಸಬೇಕು. ಮಿಕ್ಸಿ, ಕುಕ್ಕರಿನ ಸೀಟಿ, ಟಿ.ವಿ. ಧಾರಾವಾಹಿಯ ಅಳು, ಬಚ್ಚಲ ಶೀಟಿನ ಮೇಲಿನ ಮಳೆ, ಅತ್ತೆಯ ಕೆಮ್ಮು, ನಮ್ಮವರ ಗೊರಕೆ... ಎಲ್ಲವನ್ನೂ ಮಗಳು ಹಿಡಿದಿಟ್ಟುಕೊಂಡಳು. ಕಂಪ್ಯೂಟರಿನಲ್ಲಿ ಅತ್ತೆಯ ದನಿಯೊಂದಿಗೆ ಮಳೆಯ ಸದ್ದನ್ನು ಬೆರೆಸಿ, ಮಿಕ್ಸಿಯ ಸದ್ದನ್ನು ಬೆರೆಸಿ, ಒಂದನ್ನು ಹತ್ತು ಮಾಡಿ ಕಲಿಸಿದಳು.

ಎಷ್ಟು ಕಲಿಸಿದರೂ ಎರಡು ತಪ್ಪು ಇದ್ದೇ ಇರುತ್ತವೆ: ಕರೆಯದೆ ಏಳುವುದು, ಕರೆದರೂ ಏಳದಿರುವುದು. ಒಂದನ್ನು ತಗ್ಗಿಸಿದರೆ ಇನ್ನೊಂದು ಹೆಚ್ಚುತ್ತದೆ. ನಮ್ಮ ರವೆ ಜರಡಿಯ ಹಾಗೆ! ಕಣ್ಣು ಸಣ್ಣದಾದರೆ ಒಳ್ಳೆಯ ರವೆಯೂ ಮೇಲೇ ಉಳಿಯುತ್ತದೆ, ದೊಡ್ಡದಾದರೆ ಹುಳವೂ ಇಳಿಯುತ್ತದೆ. ಯಾವ ಜರಡಿ ಹಿಡಿಯಲಿ ಎಂದು ಮಗಳು ಅಜ್ಜಿಯನ್ನೇ ಕೇಳಿದಳು. ಅತ್ತೆ ಥಟ್ಟನೆ ಹೇಳಿದರು: “ಕರೆಯದೆ ಓ ಅಂದ್ರೆ ಅನ್ನಲಿ ಬಿಡು, ಯಾರೋ ಇದ್ದಾರೆ ಅನ್ಸತ್ತೆ. ಕರೆದಾಗ ಓ ಅನ್ನದೆ ಇರಬಾರದು.”

ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

ನಮ್ಮವರು ಒಂದು ತಕರಾರು ತೆಗೆದರು. “ಮನೆಯ ಮಾತೆಲ್ಲ ಕೇಳಿಸಿಕೊಳ್ಳುವುದನ್ನು ತಂದು ಅಮ್ಮನ ಕೋಣೆಯಲ್ಲಿಡುವುದಾ? ಯಾರಿಗೆ ಹೋಗುತ್ತೆ ಅದೆಲ್ಲ?” ಸರಿಯಾದ ಪ್ರಶ್ನೆ, ನೀವೂ ಕೇಳಬೇಕಾದದ್ದು. ಮಗಳು ತೋರಿಸಿದಳು: ಈ ಆ್ಯಪ್ ಇಂಟರ್ನೆಟ್ ಬಳಸುವ ಅನುಮತಿಯನ್ನೇ ಪಡೆದಿಲ್ಲ, ಕಲಿತದ್ದೆಲ್ಲ ಫೋನಿನೊಳಗೇ ಇದೆ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈಚೆಗೆ, ಯಾವ ಆ್ಯಪ್ ಮೈಕು ಬಳಸಿದರೂ ಪರದೆಯ ಮೇಲಂಚಿನಲ್ಲಿ ಹಸಿರು ಗುರುತು ಕಾಣುತ್ತದೆ. ನಿಮ್ಮ ಫೋನಿನಲ್ಲಿ ಕಾರಣವಿಲ್ಲದೆ ಅದು ಹೊತ್ತಿಕೊಂಡರೆ ಸೆಟ್ಟಿಂಗಿಗೆ ಹೋಗಿ ಯಾವ ಆ್ಯಪಿಗೆ ಮೈಕಿನ ಅನುಮತಿ ಕೊಟ್ಟಿದ್ದೀರಿ ಎಂದು ನೋಡಿ. ಬೇಡದ್ದನ್ನು ತೆಗೆದುಬಿಡಿ.

ಕೂಗುವ ಹೆಸರಾದ ಮೇಲೆ ಹೇಳುವ ಮಾತು. ಮಗಳು ಮೊದಲು ‘ಸಮಯ ಎಷ್ಟು?’ ಎಂದು ಬರೆದುಕೊಂಡಿದ್ದಳು. ನಮ್ಮ ಮನೆಯಲ್ಲಿ ಯಾರು ‘ಸಮಯ’ ಎನ್ನುತ್ತಾರೆ? ಅತ್ತೆ ಒಂದು ದಿನ ‘ಹೊತ್ತೆಷ್ಟಾಯ್ತು’ ಎಂದರೆ ಇನ್ನೊಂದು ದಿನ ‘ಗಂಟೆ ಎಷ್ಟೇ’, ಮತ್ತೊಂದು ದಿನ ‘ಬೆಳಗಾಯ್ತನೇ’. ಮೂರಕ್ಕೂ ಬೇಕಾದ ಉತ್ತರ ಒಂದೇ. ಒಂದು ವಾರ ನಾನೊಂದು ಹಳೆಯ ನೋಟುಪುಸ್ತಕ ಹಿಡಿದು, ಅವರು ಏನನ್ನು ಹೇಗೆ ಕೇಳುತ್ತಾರೆ ಎಂದು ಅವರ ಮಾತಿನಲ್ಲೇ ಬರೆದುಕೊಟ್ಟೆ. ಹೊತ್ತು ಎಷ್ಟು, ಡ್ರಾಪ್ಸ್ ಹಾಕಿ ಆಯಿತೇ, ಇವತ್ತು ಏಕಾದಶಿಯೇ, ಸೊಸೆಯನ್ನು ಕರಿ, ಅಣ್ಣನಿಗೆ ಫೋನ್ ಮಾಡು: ಐದೇ ಕೆಲಸ, ಆದರೆ ಪುಟಗಟ್ಟಲೆ ಮಾತು!

ಇನ್ನೊಂದು ತಮಾಷೆ ಕೇಳಿ. ಫೋನ್ ಮಾಡುವ ಮೊದಲು ‘ಮಾಡಲೇ?’ ಎಂದು ಅದು ಕೇಳಬೇಕು, ಇಲ್ಲದಿದ್ದರೆ ನಡುರಾತ್ರಿ ಯಾರಿಗೋ ಗಂಟೆ ಹೊಡೆದೀತು. ಅದಕ್ಕೆ ಅತ್ತೆ ‘ಹೂಂ’ ಎನ್ನುತ್ತಾರೆ, ಬೇಡವಾದರೆ ‘ಊಹೂಂ’. ನಮಗೆ ಹಗಲು ರಾತ್ರಿಯಷ್ಟು ವ್ಯತ್ಯಾಸ. ಯಂತ್ರಕ್ಕೆ ಎರಡೂ ಮೂಗಿನಲ್ಲಾಡಿದ ಒಂದೇ ಮಾತು! ‘ಊಹೂಂ’ ಎಂದದ್ದಕ್ಕೆ ಎರಡು ಸಲ ಅಣ್ಣನ ಮನೆಗೆ ಫೋನ್ ಹೋಯಿತು. ಕಡೆಗೆ ‘ಹೌದು’, ‘ಬೇಡ’ ಎಂದು ರೂಢಿಸಿದೆವು.

ಕರೆದಾಗ ಫೋನ್ ಏನನ್ನಬೇಕು? ಎಲ್ಲ ಯಂತ್ರಗಳ ಹಾಗೆ ‘ಟಿಂಗ್’ ಎನ್ನುತ್ತಿತ್ತು. ಅತ್ತೆಗೆ ಹಿಡಿಸಲಿಲ್ಲ. “ಕರೆದರೆ ಓ ಅನ್ನಬೇಕಪ್ಪ, ಚಮಚ ಬಿದ್ದ ಹಾಗೆ ಸದ್ದು ಮಾಡೋದಲ್ಲ.” ಮಗಳು ತನ್ನದೇ ದನಿಯಲ್ಲಿ ‘ಓ’ ಎಂದು ಹಾಕಿದಳು.

ಮೊದಲ ವಾರ ಎಡವಟ್ಟಾಯಿತು. ರಾತ್ರಿ ಹತ್ತಕ್ಕೆ ಚೆನ್ನಾಗಿದ್ದದ್ದು ಎರಡಕ್ಕೆ ಕರೆದರೆ ಮೌನ. ಬ್ಯಾಟರಿ ಉಳಿಸುವ ಏರ್ಪಾಡು, ಬಳಕೆಯಲ್ಲಿಲ್ಲವೆಂದು ಆ್ಯಪನ್ನೇ ಮಲಗಿಸಿಬಿಟ್ಟಿತ್ತು! ಸೆಟ್ಟಿಂಗಿನಲ್ಲಿ ಈ ಆ್ಯಪಿಗೆ ಆ ಉಳಿತಾಯ ಬೇಡವೆಂದು ಬದಲಿಸಿ, ಫೋನನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಚಾರ್ಜಿಗೆ ಹಾಕಿಯೇ ಇಟ್ಟೆವು. ಇನ್ನೊಂದು ರಾತ್ರಿ ಯಾರೂ ಕರೆಯದೆ ಅದೇ ‘ಓ’ ಎಂದಿತು. ಬೆಳಿಗ್ಗೆ ಅತ್ತೆ, “ಮೂರು ಸಲ ಕರೆಯೋ ತನಕ ರಾತ್ರಿ ಓ ಅನ್ನಬಾರದು ಅಂತ ಇದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಸ್ರೋ” ಎಂದು ನಗೆಯಾಡಿದರು.

ನಿಜ ಹೇಳಲೇ? ಎಲ್ಲ ಸರಿಯಾದ ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಕ್ಕದ ಕೋಣೆಯಿಂದ ಅತ್ತೆ ಮೆಲ್ಲಗೆ ಆ ಹೆಸರು ಕರೆದದ್ದು, ‘ಓ’ ಬಂದದ್ದು, “ಹೊತ್ತೆಷ್ಟಾಯ್ತೇ?” “ಎರಡು ಗಂಟೆ ಹತ್ತು ನಿಮಿಷ. ಬೆಳಗಾಗಲು ಇನ್ನೂ ಹೊತ್ತಿದೆ” ಎಲ್ಲವೂ ಕೇಳಿಸಿತು. ಹಗುರವಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ನನ್ನ ಕೆಲಸವನ್ನು ಸ್ಟೂಲಿನ ಮೇಲಿನ ಡಬ್ಬಿಗೆ ಹಚ್ಚಿ ಮಲಗಿದೆನೇ ಎಂದು. ಮಾರನೆಯ ದಿನ ಅದನ್ನೇ ಅತ್ತೆಗೆ ಹೇಳಿದೆ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡು, “ಹುಚ್ಚೀ, ಕೇಳೋದಕ್ಕೆ ಮೊದಲು ನಿನ್ನ ನಿದ್ದೆ ಲೆಕ್ಕ ಹಾಕ್ತಾ ಇದ್ದೆ. ಈಗ ಆ ಲೆಕ್ಕ ತಪ್ಪಿತು. ಸಂಜೆ ಬಂದು ಹತ್ತು ನಿಮಿಷ ಸುಮ್ನೆ ಕೂತ್ಕೋ, ಅದು ಅದಕ್ಕೆ ಬರಲ್ಲ” ಎಂದರು. ಈಗ ದೀಪ ಹಚ್ಚಿದ ಮೇಲೆ ನಾನು ಅವರ ಮಂಚದ ಮೇಲೆ ಕೂರುತ್ತೇನೆ. ಟಿ.ವಿ. ತನ್ನ ಪಾಡಿಗೆ ಅಳುತ್ತಿರುತ್ತದೆ.

ನಿಮ್ಮ ಮನೆಯಲ್ಲೂ ಕಣ್ಣು ಮಂದವಾದ ಹಿರಿಯರಿದ್ದರೆ ಆ್ಯಪ್ ಮಾಡಿಕೊಡುವ ಮಗಳೇ ಬೇಕೆಂದಿಲ್ಲ. ಒತ್ತಿದರೆ ಹೊತ್ತು ಹೇಳುವ ಗಡಿಯಾರಗಳಿವೆ. ಫೋನಿಗೆ ಕನ್ನಡ ಮಾತೂ ಬರುತ್ತದೆ. ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ 2017ರಲ್ಲೇ ಬಂತು. ಏನೇ ತಂದರೂ ಅವರ ಮಾತಿನಲ್ಲಿ ಅವರಿಗೆ ಒಗ್ಗುವ ಹಾಗೆ ಮಾಡಿ. ಅವರನ್ನು ಯಂತ್ರದ ಮಾತಿಗೆ ಬಗ್ಗಿಸಬೇಡಿ. ಮತ್ತೆ, ನಲವತ್ತು ದಾಟಿದ್ದರೆ, ಅದರಲ್ಲೂ ಮನೆತನದಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ‘ಆಮೇಲೆ’ ಎನ್ನಬೇಡಿ. ನಾವು ಹಾಗೆಂದವರೇ.

ಕಡೆಯದಾಗಿ ಒಂದು. ಹೋದ ತಿಂಗಳು ಅತ್ತೆಯ ಅಣ್ಣ ಬಂದಿದ್ದರು. ತೊಂಬತ್ತಕ್ಕೆ ಎರಡೇ ಕಡಿಮೆ. ಮೆಟ್ಟಿಲ ಹತ್ತಿರ ಕೋಲು ಊರಿ ನಿಂತು, ಬಾಗಿಲಿನಿಂದಲೇ ತವರಿನ ಆ ಹೆಸರನ್ನು ಗಟ್ಟಿಯಾಗಿ ಕೂಗಿದರು. ಆ ಹೆಸರಿನಿಂದ ಅತ್ತೆಯನ್ನು ಕರೆಯಲು ಈ ಭೂಮಿಯ ಮೇಲೆ ಉಳಿದಿರುವುದು ಅವರೊಬ್ಬರೇ.

ಕೋಣೆಯೊಳಗಿನಿಂದ ಎರಡು ‘ಓ’ ಕೇಳಿಬಂತು.

ಅತ್ತೆ ಸ್ಟೂಲಿನ ಕಡೆ ತಿರುಗಿ, “ನೀನು ಸುಮ್ನಿರೇ. ಅವನು ಕರೆದದ್ದು ನನ್ನನ್ನ” ಎಂದು ಗದರಿ, ಗೋಡೆ ಹಿಡಿದುಕೊಂಡು ಬಾಗಿಲಿಗೆ ನಡೆದರು.